ಹಳೆಯ ಸ್ಕಾಟಿಷ್ ಕಿಲ್ಟ್: ನಾಲ್ಕು ಗಜದ್ದೋ, ಎಂಟು ಗಜದ್ದೋ, ಸೈನ್ಯದ್ದೋ?

ಸ್ಕಾಟ್ಲೆಂಡ್‌ನ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಉಡುಪು ಕಿಲ್ಟ್. ಹಳೆಯ ಕಿಲ್ಟ್ ಒಂದನ್ನು ಮೇಜಿನ ಮೇಲೆ ಹರಡಿದರೆ ಸುತ್ತ ನಿಂತವರು ಮೊದಲು ಕೇಳುವುದು, "ಇದು ಯಾವ ಕುಲದ ಟಾರ್ಟನ್?" ಅಂತ. ಟಾರ್ಟನ್ ಅಂದರೆ ಬಣ್ಣದ ಚೌಕಳಿಯ ಉಣ್ಣೆ ಬಟ್ಟೆ. ನಾನು ಕಿಲ್ಟನ್ನು ಮಗುಚಿ ಹಾಕಿ ಹಿಂಬದಿಯ ನೆರಿಗೆ ನೋಡುತ್ತೇನೆ. ಆಮೇಲೆ ಒಳಗಿನ ಹೊಲಿಗೆ. ಕುಲದ ಹೆಸರು ಎಲ್ಲಕ್ಕಿಂತ ಕೊನೆಗೆ. ಬಟ್ಟೆಗೆ ಯಾವ ಹೆಸರನ್ನು ಬೇಕಾದರೂ ಯಾರು ಬೇಕಾದರೂ ಅಂಟಿಸಬಹುದು. ನೆರಿಗೆ ಹಿಡಿದ ರೀತಿಯನ್ನು, ಅದಕ್ಕೆ ಹೋದ ಬಟ್ಟೆಯ ಅಳತೆಯನ್ನು, ಹೊಲಿದ ದಾರವನ್ನು ಅಷ್ಟು ಸುಲಭವಾಗಿ ಬದಲಿಸಲು ಆಗುವುದಿಲ್ಲ.

ಹಳೆಯ ಕಿಲ್ಟ್ ಬೇಕು ಅನ್ನುವವರ ಮುಂದೆ ಮುಖ್ಯವಾಗಿ ಮೂರು ಬಗೆ ಇವೆ. 1790ರಿಂದ 1820ರ ಸುಮಾರಿನ ನಾಲ್ಕು ಗಜದ ಕಿಲ್ಟ್ ಒಂದು. ವಿಕ್ಟೋರಿಯಾ ರಾಣಿಯ ಕಾಲದ ಕೊನೆಯಿಂದ 1920ರವರೆಗೆ ಹೊಲಿದ ಏಳೆಂಟು ಗಜದ್ದು ಇನ್ನೊಂದು. ಮೂರನೆಯದು ಸೈನ್ಯದ ಕಿಲ್ಟ್, ಅದರಲ್ಲೂ ಮೊದಲ ಮಹಾಯುದ್ಧದ್ದು. ಹಳೆಯ ಕಟ್ಟಿನಲ್ಲಿ ಹೊಸದಾಗಿ ಹೊಲಿಸಿಕೊಳ್ಳುವ ದಾರಿಯೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ. ಯಾವುದನ್ನು ಆರಿಸಬೇಕು ಅನ್ನುವುದು, ನೀವು ಅದನ್ನು ಉಡುತ್ತೀರೋ ಅಥವಾ ಜೋಪಾನವಾಗಿ ಇಡುತ್ತೀರೋ ಅನ್ನುವುದರ ಮೇಲೆ ನಿಂತಿದೆ.

ಮೊದಲು ಕಿಲ್ಟ್‌ನ ಕಟ್ಟು

ಕಿಲ್ಟ್ ಅಂದರೆ ಒಂದೇ ಉದ್ದನೆಯ ಬಟ್ಟೆ. ಅದರ ಎರಡು ತುದಿಗಳು ಚಪ್ಪಟೆಯಾಗಿ ಮುಂದೆ ಒಂದರ ಮೇಲೊಂದು ಬರುತ್ತವೆ. ಅವೇ ಏಪ್ರನ್‌ಗಳು. ನಡುವೆ ಉಳಿದದ್ದೆಲ್ಲ ಹಿಂದೆ ನೆರಿಗೆಯಾಗುತ್ತದೆ. ಸೊಂಟದಿಂದ ಸುಮಾರು ಒಂದು ಗೇಣು ಕೆಳಗಿನವರೆಗೆ ನೆರಿಗೆಯನ್ನು ಹೊಲಿದು ಕೂರಿಸುತ್ತಾರೆ. ಈ ಭಾಗಕ್ಕೆ ಫೆಲ್ ಅನ್ನುತ್ತಾರೆ. ಅಲ್ಲಿಂದ ಕೆಳಗೆ ನೆರಿಗೆ ಬಿಡುವಾಗಿರುತ್ತದೆ. ನಡೆದಾಗ ಆಡುವುದು ಅದೇ.

ಸೀರೆಯ ಹಾಗೆ ಕಿಲ್ಟನ್ನೂ ಗಜದಲ್ಲೇ ಅಳೆಯುತ್ತಾರೆ. ಆದರೆ ಎಂಟು ಗಜದ ಕಿಲ್ಟ್ ಅಂದಾಗ ಸೀರೆಯಷ್ಟು ಅಗಲದ ಎಂಟು ಗಜ ಅಂದುಕೊಳ್ಳಬೇಡಿ. ಸೊಂಟದಿಂದ ಮಂಡಿಯವರೆಗಿನ ಅಗಲ ಸಾಕು, ಸುಮಾರು 25 ಇಂಚು. ಈಗಿನ ಗಿರಣಿಯಲ್ಲಿ ಬಟ್ಟೆ ಅದರ ಎರಡರಷ್ಟು ಅಗಲಕ್ಕೆ ಬರುತ್ತದೆ. ನಾಲ್ಕು ಗಜ ತಂದು, ಉದ್ದಕ್ಕೆ ಎರಡಾಗಿ ಸೀಳಿ, ತುದಿ ಜೋಡಿಸಿದರೆ ಎಂಟು ಗಜ. ಆ ಜೋಡಣೆಯನ್ನು ಯಾವುದಾದರೂ ನೆರಿಗೆಯ ಒಳಗೆ ಮುಚ್ಚಿಬಿಡುತ್ತಾರೆ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಒಳ್ಳೆಯ ಕಿಲ್ಟ್‌ನ ಕೆಳಗಿನ ತುದಿಯನ್ನು ಮಡಿಚಿ ಹೊಲಿದಿರುವುದಿಲ್ಲ. ಮಗ್ಗದಲ್ಲಿ ಬಂದ ಅಂಚೇ ಅದರ ಕೆಳತುದಿ. ಹೊಕ್ಕುನೂಲು ಅಲ್ಲೇ ತಿರುಗಿ ವಾಪಸ್ ಹೋಗಿರುತ್ತದೆ, ಹಾಗಾಗಿ ಬಟ್ಟೆ ಬಿಚ್ಚಿಕೊಳ್ಳುವುದಿಲ್ಲ. ನೆರಿಗೆಯೂ ಚೂಪಾಗಿ ನಿಲ್ಲುತ್ತದೆ. ಕೆಳಗೆ ಮಡಿಚಿ ಹೊಲಿದ 'ಹಳೆಯ ಕಿಲ್ಟ್' ಕಂಡರೆ, ಯಾರೋ ತುಂಡು ಮಾಡಿದ್ದಾರೆ, ಇಲ್ಲವೇ ಅದು ಕಿಲ್ಟೇ ಅಲ್ಲ ಅಂತ ಅನುಮಾನಿಸಿ.

ಅಂಗಡಿಯಲ್ಲಿ ಸಿಗದ ಎರಡು ಕಿಲ್ಟ್‌ಗಳು

"1745ರ ಬಂಡಾಯದ ಕಾಲದ ಕಿಲ್ಟ್" ಅಂತ ಯಾರಾದರೂ ತೋರಿಸಿದರೆ ದುಡ್ಡು ತೆಗೆಯಬೇಡಿ. ಅದು ಬ್ರಿಟನ್ನಿನ ದೊರೆಯ ವಿರುದ್ಧ ಸ್ಕಾಟ್ಲೆಂಡ್‌ನಲ್ಲಿ ಎದ್ದ ದಂಗೆ. ಆಗಿನ ಉಡುಪಿನಲ್ಲಿ ಹೊಲಿದ ನೆರಿಗೆಯೇ ಇರಲಿಲ್ಲ.

ಸ್ಕಾಟ್ಲೆಂಡ್‌ನ ಹೈಲ್ಯಾಂಡ್ ಗುಡ್ಡಗಾಡಿನವರು 16ನೆಯ ಶತಮಾನದ ಕೊನೆಯಿಂದ ಉಟ್ಟದ್ದು ದೊಡ್ಡ ಪ್ಲಾಡ್. ಅವರ ಗೇಲಿಕ್ ಭಾಷೆಯಲ್ಲಿ ಫೇಲಿಯ ಮೋರ್. 1594ರಲ್ಲಿ ಐರ್ಲೆಂಡ್‌ಗೆ ಕೂಲಿ ಸೈನಿಕರಾಗಿ ಹೋದ, ಸ್ಕಾಟ್ಲೆಂಡ್‌ನ ಪಶ್ಚಿಮದ ಹೆಬ್ರಿಡೀಸ್ ದ್ವೀಪದವರ ವರ್ಣನೆಯಲ್ಲಿ ಇದು ಸ್ಪಷ್ಟವಾಗಿ ಕಾಣಿಸುತ್ತದೆ. ಕಿರಿದಾದ ಮಗ್ಗದಲ್ಲಿ ನೇಯ್ದ ಎರಡು ಪಟ್ಟಿಗಳನ್ನು ಜೋಡಿಸಿ ಹೊಲಿದ ದೊಡ್ಡ ಹೊದಿಕೆ ಅದು. ಬೆಳಿಗ್ಗೆ ಕೈಯಲ್ಲೇ ನೆರಿಗೆ ಹಿಡಿದು ಬೆಲ್ಟ್ ಬಿಗಿಯಬೇಕು. ರಾತ್ರಿ ಬಿಚ್ಚಿದರೆ ಹೊದೆಯುವ ಕಂಬಳಿ. ನಮ್ಮ ಕಚ್ಚೆ ಪಂಚೆಯ ಹಾಗೆ, ಉಟ್ಟಾಗ ಮಾತ್ರ ಅದಕ್ಕೊಂದು ರೂಪ.

18ನೆಯ ಶತಮಾನದ ಮೊದಲ ಭಾಗದಲ್ಲಿ ಅದರ ಮೇಲಿನ ಅರ್ಧ ಬಿಟ್ಟು ಕೆಳಗಿನರ್ಧ ಮಾತ್ರ ಉಡುವ ರೂಢಿ ಹರಡಿತು. ಅದು ಫೇಲಿಯ ಬೇಗ್, ಸಣ್ಣ ಕಿಲ್ಟ್. ಇದನ್ನು ಕಂಡುಹಿಡಿದದ್ದು ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಕುಲುಮೆಯ ಯಜಮಾನ ಅನ್ನುವ ಕಥೆ ಬಹಳ ಕಡೆ ಸಿಗುತ್ತದೆ. ಆ ಕಥೆ ಅಚ್ಚಾದದ್ದು 1785ರಲ್ಲಿ, ಘಟನೆ ನಡೆಯಿತು ಅನ್ನುವ ಕಾಲಕ್ಕೆ ಎಷ್ಟೋ ದಶಕಗಳ ಮೇಲೆ. ಮೇಲಿನ ಪಟ್ಟಿಯ ಹೊಲಿಗೆ ಬಿಚ್ಚಿ ಕೆಳಗಿನದನ್ನು ಮಾತ್ರ ಉಡುವುದಕ್ಕೆ ಒಬ್ಬ ಯಜಮಾನನ ತಲೆಯೇ ಬೇಕಿತ್ತು ಅಂತ ನನಗೆ ಅನ್ನಿಸುವುದಿಲ್ಲ.

1746ರ ಏಪ್ರಿಲ್ 16ರಂದು ಕಲ್ಲೋಡನ್ ಕದನದಲ್ಲಿ ಬಂಡಾಯ ಮುಗಿಯಿತು. ಅದರ ಬೆನ್ನಿಗೇ ಉಡುಪಿನ ಕಾಯ್ದೆ ಬಂತು. 1747ರ ಆಗಸ್ಟ್ 1ರಿಂದ ಹೈಲ್ಯಾಂಡ್‌ನ ಗಂಡಸರು ಕಿಲ್ಟ್ ಉಡುವ ಹಾಗಿರಲಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಜೈಲು. ಎರಡನೆಯ ಸಲಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಸೈನಿಕರಿಗೆ ಮಾತ್ರ ವಿನಾಯಿತಿ. 1782ರಲ್ಲಿ ಕಾಯ್ದೆ ತೆಗೆದರು. 35 ವರ್ಷ ಅಂದರೆ ಒಂದು ತಲೆಮಾರು ಉಡದೆಯೇ ಬೆಳೆದಿತ್ತು, ಅಲ್ವಾ? ಕಿಲ್ಟ್‌ನ ಕಟ್ಟು ಸೈನ್ಯದ ಟೈಲರ್‌ಗಳ ಕೈಯಲ್ಲಿ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ನಾಲ್ಕು ಗಜದ ಕಿಲ್ಟ್

ನೆರಿಗೆಯನ್ನು ದಾರದಿಂದ ಹೊಲಿದು ಕೂರಿಸಿದ ಕಿಲ್ಟ್‌ಗಳು ನಮಗೆ ಸಿಗುವುದು 1790ರ ದಶಕದಿಂದ. ಸುಮಾರು ಮೂರೂವರೆಯಿಂದ ನಾಲ್ಕು ಗಜ ಬಟ್ಟೆ. ಅಗಲವಾದ ಬಾಕ್ಸ್ ಪ್ಲೀಟ್. ಶಾಲೆಯ ಯೂನಿಫಾರ್ಮ್ ಸ್ಕರ್ಟ್ ಹೊಲಿದ ಯಾವ ಟೈಲರ್‌ಗಾದರೂ ಈ ನೆರಿಗೆ ಗೊತ್ತು: ಎರಡೂ ಕಡೆಯಿಂದ ಬಟ್ಟೆ ಒಳಕ್ಕೆ ಮಡಿಚಿ, ಮೇಲೆ ಚಪ್ಪಟೆ ಪಟ್ಟಿ ಉಳಿಯುತ್ತದೆ. ನೆರಿಗೆಗಳ ಸಂಖ್ಯೆ ಕಡಿಮೆ. ಲೈನಿಂಗ್ ಇಲ್ಲ. ಚರ್ಮದ ಪಟ್ಟಿ, ಬಕಲ್ ಇಲ್ಲ. ಪಿನ್ನಿನಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ಸೊಂಟಕ್ಕೆ ತಕ್ಕ ಹಾಗೆ ನೆರಿಗೆಯನ್ನು ಮೇಲೆ ಕಿರಿದು ಮಾಡುವ ಕೆಲಸವೂ ತೀರ ಕಡಿಮೆ.

ಈ ಕಿಲ್ಟನ್ನು ಮುಟ್ಟಿದ ಕೂಡಲೇ ಗೊತ್ತಾಗುವುದು ಅದರ ಬಟ್ಟೆ. ಆ ಕಾಲದ ಗಡಸು ಟಾರ್ಟನ್ ಅಂದರೆ ಉದ್ದ ಎಳೆಯ ಉಣ್ಣೆಯನ್ನು ಬಿಗಿಯಾಗಿ ಹುರಿಮಾಡಿ ಒತ್ತಾಗಿ ನೇಯ್ದದ್ದು. ಕುರಿ ಕಂಬಳಿಯ ಹಾಗೆ ಜುಂಗು ಏಳುವುದಿಲ್ಲ. ತೆಳ್ಳಗೆ, ನುಣ್ಣಗೆ, ಆದರೆ ಮುಟ್ಟಿದರೆ ಗಡಸು. ಒದ್ದೆಯಾದಾಗ ಇದರ ಅಂಚು ಸೈನಿಕರ ಮಂಡಿಯ ಹಿಂದೆ ಕೆರೆದು ಗಾಯ ಮಾಡುತ್ತಿತ್ತು. ಕಿರಿದಾದ ಮಗ್ಗದ ಬಟ್ಟೆಯಾದ್ದರಿಂದ ಮೇಲೂ ಕೆಳಗೂ ಎರಡೂ ಕಡೆ ಮಗ್ಗದ ಅಂಚೇ ಇರಬಹುದು. ಸೊಂಟದ ಪಟ್ಟಿಯ ಕೆಳಗೆ ಬೆರಳಾಡಿಸಿ ನೋಡಿ. ಅಲ್ಲಿ ಕತ್ತರಿಸಿದ ತುದಿಯ ಬದಲು ಅಂಚು ಸಿಕ್ಕರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಬಣ್ಣವೂ ಸಹಾಯ ಮಾಡುತ್ತದೆ. ವಿಲಿಯಂ ಪರ್ಕಿನ್ ರಾಸಾಯನಿಕ ನೇರಳೆ ಬಣ್ಣ ಕಂಡುಹಿಡಿದದ್ದು 1856ರಲ್ಲಿ. ಅದಕ್ಕೂ ಹಿಂದಿನದು ಬಹುತೇಕ ಗಿಡ, ಕಲ್ಲುಹೂವು, ಹುಳುಗಳಿಂದ ತೆಗೆದ ಬಣ್ಣ. ಕೆಂಪಿಗೆ ಅಮೆರಿಕ ಖಂಡದಿಂದ ಬಂದ ಕೊಚಿನೀಲ್ ಹುಳು, ನೀಲಿಗೆ ನೀಲಿ ಗಿಡ. 19ನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿಗೆ ಹೋದ ನೀಲಿಯಲ್ಲಿ ದೊಡ್ಡ ಪಾಲು ಬಂಗಾಳದ್ದು. ನೆರಿಗೆಯನ್ನು ಮೆಲ್ಲಗೆ ಬಿಡಿಸಿ ಒಳಗಿನ ಬಣ್ಣಕ್ಕೂ ಹೊರಗಿನದಕ್ಕೂ ಹೋಲಿಸಿ. ನಿಜವಾಗಿ ಹಳೆಯದಾದರೆ ವ್ಯತ್ಯಾಸ ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತದೆ.

ಸಂಗ್ರಹಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಉಡುವುದಕ್ಕೆ ಮಾತ್ರ ಬೇಡ. 200 ವರ್ಷದ ಉಣ್ಣೆ ಒಂದು ಸಂಜೆಯ ಕುಣಿತಕ್ಕೆ ನೆರಿಗೆಯ ಮಡಿಕೆಯಲ್ಲೇ ಸೀಳಬಹುದು. ಸಿಗುವುದೂ ಅಪರೂಪ, ಬೆಲೆಯೂ ಜಾಸ್ತಿ. ಜವಳಿಯನ್ನು ಬಲ್ಲವರ ಕೈಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ.

ಎಂಟು ಗಜದ ಕಿಲ್ಟ್

ನಾಲ್ಕು ಗಜ ಎಂಟಾದದ್ದು ಏಕೆ? ಸುಮ್ನೆ ಆಡಂಬರಕ್ಕಲ್ಲ, ಅದರ ಹಿಂದೆ ಒಂದು ಲೆಕ್ಕವಿದೆ.

ಟಾರ್ಟನ್‌ನ ಚೌಕಳಿ ಎಲ್ಲಿ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೋ, ಆ ಒಂದು ಪೂರ್ತಿ ಸುತ್ತಿಗೆ ಸೆಟ್ ಅನ್ನುತ್ತಾರೆ. 19ನೆಯ ಶತಮಾನದಲ್ಲಿ ಟೈಲರ್‌ಗಳು ನೆರಿಗೆಯನ್ನು ಕಿರಿದು ಮಾಡುತ್ತಾ ಬಂದರು. ಎಲ್ಲವೂ ಒಂದೇ ಕಡೆಗೆ ಬಾಗುವ ನೈಫ್ ಪ್ಲೀಟ್ ಬಳಕೆಗೆ ಬಂತು. ಶತಮಾನದ ಕೊನೆಯ ಹೊತ್ತಿಗೆ ಸೈನಿಕರಲ್ಲದವರ ಕಿಲ್ಟ್‌ನಲ್ಲಿ ಹೊಸ ಆಸೆ ಹುಟ್ಟಿತು: ಹಿಂದೆ ನೆರಿಗೆ ಇದ್ದರೂ, ಬಟ್ಟೆ ಮಡಿಚೇ ಇಲ್ಲವೇನೋ ಅನ್ನುವ ಹಾಗೆ ಚೌಕಳಿ ಮುಂದುವರಿಯಬೇಕು. ಹಾಗೆ ಮಾಡಲು ಒಂದೊಂದು ನೆರಿಗೆಗೂ ಒಂದು ಪೂರ್ತಿ ಸೆಟ್, ಅದರ ಮೇಲೆ ಹೊರಗೆ ಕಾಣುವಷ್ಟು ಬಟ್ಟೆ ಬೇಕು. ಸೆಟ್ 7 ಇಂಚು ಅಂದುಕೊಳ್ಳಿ. ನೆರಿಗೆಗೆ ಸುಮಾರು 8 ಇಂಚು ಹೋಗುತ್ತದೆ. 27 ನೆರಿಗೆಗೆ 216 ಇಂಚು, ಅಂದರೆ 6 ಗಜ. ಏಪ್ರನ್‌ಗಳಿಗೆ ಇನ್ನೊಂದೂವರೆ-ಎರಡು ಗಜ. ಅಲ್ಲಿಗೆ ಎಂಟಾಯಿತು.

ಈ ಕೆಲಸ ನಿಜಕ್ಕೂ ಕಣ್ಣು ತುಂಬುವಂಥದ್ದು. ಒಳ್ಳೆಯ ಕೈಯ ಕಿಲ್ಟ್‌ನಲ್ಲಿ ಅಡ್ಡಗೆರೆಗಳು 27 ನೆರಿಗೆ ದಾಟಿದರೂ ಒಂದು ನೂಲಿನಷ್ಟೂ ಮೇಲೆ ಕೆಳಗೆ ಆಗಿರುವುದಿಲ್ಲ. ಒಳಗೆ ತಿರುಗಿಸಿದರೆ ನೆರಿಗೆಯ ಹೆಚ್ಚಿನ ಬಟ್ಟೆಯನ್ನು ಮೇಲ್ಭಾಗದಲ್ಲಿ ಕತ್ತರಿಸಿ ತೆಗೆದಿರುತ್ತಾರೆ, ಇಲ್ಲದಿದ್ದರೆ ಬೆನ್ನ ಹಿಂದೆ ದಿಂಬಿಟ್ಟ ಹಾಗಾಗುತ್ತದೆ. ಅದು ಜಗ್ಗದಿರಲಿ ಅಂತ ಕ್ಯಾನ್ವಾಸ್ ಕೊಟ್ಟು, ಮೇಲೆ ಲೈನಿಂಗ್ ಹಾಕಿರುತ್ತಾರೆ. ಚರ್ಮದ ಪಟ್ಟಿ, ಬಕಲ್ ಬರುತ್ತವೆ. ಬಟ್ಟೆಯೂ ಬೇರೆ. ಮೆರಿನೋ ಥರದ ಮೃದು ಉಣ್ಣೆ ಬಂದ ಮೇಲೆ ಹಳೆಯ ಗಡಸು ಟಾರ್ಟನ್ ಹಿಂದೆ ಸರಿಯಿತು.

ಉಡಲೂಬೇಕು, ಹಳೆಯದೂ ಆಗಿರಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. 1900ರಿಂದ 1920ರ ನಡುವಿನ ಕಿಲ್ಟ್ ಚೆನ್ನಾಗಿ ಇಟ್ಟಿದ್ದರೆ ಈಗಲೂ ಗಟ್ಟಿ. ಆದರೆ ಎರಡು ಜಾಗ ನೋಡಿ. ಫೆಲ್ ಮುಗಿಯುವ ಕಡೆ ಹೊಲಿಗೆ ಬಿಟ್ಟಿದೆಯಾ? ಕೂತು ಎದ್ದು ಮಾಡುವಾಗ ಜಗ್ಗುವುದು ಅಲ್ಲೇ. ಎಡಗಡೆ ಬಕಲ್ ಪಟ್ಟಿ ತೂರುವ ಸೀಳಿನ ಸುತ್ತ ಬಟ್ಟೆ ಹರಿದಿದೆಯಾ? ಹೊಲಿಗೆ ಬಿಟ್ಟದ್ದನ್ನು ಸರಿಮಾಡಬಹುದು. ಹರಿದದ್ದನ್ನು ಸರಿಮಾಡಿದರೂ ಗುರುತು ಉಳಿಯುತ್ತದೆ.

ಸೈನ್ಯದ ಕಿಲ್ಟ್

ಖಚಿತವಾದ ಇತಿಹಾಸ ಬೇಕು ಅನ್ನುವವರಿಗೆ ಇದೇ ಸರಿ. ಸಾಮಾನ್ಯ ಸೈನಿಕರಿಗೆ ಕೊಟ್ಟ ಕಿಲ್ಟ್‌ನ ಲೈನಿಂಗ್ ಮೇಲೆ ಅಳತೆ, ತಯಾರಕರ ಹೆಸರು, ಇಸವಿ, ಸರ್ಕಾರದ ಬಾಣದ ಗುರುತು ಇವುಗಳ ಮುದ್ರೆ ಇರುತ್ತದೆ. ಎಲ್ಲವೂ ಓದಲು ಸಿಗದಿರಬಹುದು, ಆದರೆ ಒಂದೆರಡು ಅಕ್ಷರ ಉಳಿದಿದ್ದರೂ ಅದು ಬಾಯಿಮಾತಿಗಿಂತ ಮೇಲು. ಅಧಿಕಾರಿಗಳು ತಮ್ಮ ಖರ್ಚಿನಲ್ಲಿ ಹೊಲಿಸುತ್ತಿದ್ದರು. ಅವರ ಕಿಲ್ಟ್‌ನ ಬಟ್ಟೆ ನಯ, ಮುದ್ರೆ ಇರುವುದಿಲ್ಲ.

ಸೈನ್ಯದಲ್ಲಿ ಚೌಕಳಿ ಮುಂದುವರಿಸುವ ಗೋಜಿಗೆ ಹೋಗಲಿಲ್ಲ. ಪ್ರತಿ ನೆರಿಗೆಯ ನಡುವೆ ಒಂದೇ ಗೆರೆ ಬರುವ ಹಾಗೆ ಹಿಡಿದರು. ಗಾರ್ಡನ್ ಹೈಲ್ಯಾಂಡರ್ಸ್ ಪಡೆಯ ಕಿಲ್ಟ್‌ನಲ್ಲಿ ಹಿಂದೆ ಸಾಲಾಗಿ ಹಳದಿ ಗೆರೆ, ನೈಫ್ ಪ್ಲೀಟ್. ಬ್ಲ್ಯಾಕ್ ವಾಚ್ ಪಡೆಯವರು ಬಾಕ್ಸ್ ಪ್ಲೀಟ್ ಬಿಡಲಿಲ್ಲ. ಲಂಡನ್ ಸ್ಕಾಟಿಷ್ ಪಡೆಯದ್ದು ಚೌಕಳಿಯೇ ಇಲ್ಲದ ಬೂದುಗೆಂಪು ಉಣ್ಣೆ. ಹಿಂದಿನಿಂದ ನೋಡಿಯೇ ಯಾವ ಪಡೆ ಅಂತ ಹೇಳಬಹುದು.

1914ರ ಚಳಿಗಾಲದ ಕಂದಕಗಳಲ್ಲಿ ಈ ಬಟ್ಟೆ ಪಟ್ಟ ಪಾಡು ಓದಿದರೆ ಸಂಕಟವಾಗುತ್ತದೆ. ನೆರಿಗೆಗೆ ಕೆಸರು ಮೆತ್ತಿ ಹೆಪ್ಪುಗಟ್ಟಿ ಕಾಲು ಕೊಯ್ಯುತ್ತಿತ್ತು. ನೆರಿಗೆಯ ಸಂದಿಯಲ್ಲಿ ಹೇನು. ಮೇಣದಬತ್ತಿಯ ಉರಿಯನ್ನು ಹೊಲಿಗೆಯ ಉದ್ದಕ್ಕೂ ಆಡಿಸಿ ಅವನ್ನು ಸುಡುತ್ತಿದ್ದರು. ಬಣ್ಣ ಕಾಣದಿರಲಿ ಅಂತ ಮೇಲೆ ಖಾಕಿ ಏಪ್ರನ್ ಕಟ್ಟುತ್ತಿದ್ದರು. ಆ ಖಾಕಿ ಏಪ್ರನ್ ಜೊತೆಗೇ ಸಿಕ್ಕರೆ ಬಿಡಬೇಡಿ. ಕಲೆ, ತೇಪೆ ಇದ್ದರೆ ಹಾಗೇ ಇರಲಿ, ಒಗೆಸಬೇಡಿ.

ನಮ್ಮೂರಿನ ಓದುಗರಿಗೆ ಒಂದು ಮಾತು. "ಶ್ರೀರಂಗಪಟ್ಟಣದ ಯುದ್ಧದಲ್ಲಿ ಉಟ್ಟ ಕಿಲ್ಟ್" ಅಂತ ಯಾರಾದರೂ ಹೇಳಿದರೆ ಗಟ್ಟಿ ದಾಖಲೆ ಕೇಳಿ. 1799ರ ಮೇ 4ರ ದಾಳಿಯಲ್ಲಿ 73 ಮತ್ತು 74ನೆಯ ಹೈಲ್ಯಾಂಡ್ ರೆಜಿಮೆಂಟ್‌ಗಳು ಇದ್ದದ್ದು ನಿಜ. ಆದರೆ ಇಂಡಿಯಾದ ಸೆಖೆಗೆ ಹೈಲ್ಯಾಂಡ್ ಪಡೆಗಳು ಉಣ್ಣೆಯ ಕಿಲ್ಟ್ ಬಿಟ್ಟು ಪ್ಯಾಂಟ್ ತೊಡುವುದು ಸಾಮಾನ್ಯವಾಗಿತ್ತು. ಇವೆರಡೂ ಸೇರಿ ಆರು ರೆಜಿಮೆಂಟ್‌ಗಳಿಂದ 1809ರಲ್ಲಿ ಹೈಲ್ಯಾಂಡ್ ಉಡುಪನ್ನೇ ತೆಗೆದುಹಾಕಿದರು. ಕಿಲ್ಟ್ ಇದ್ದರೆ ಬೇರೆ ಕಡೆಯ ಹುಡುಗರು ಸೇರಲು ಒಪ್ಪುವುದಿಲ್ಲ ಅನ್ನುವುದು ಕಾರಣ.

ಮೋಸ ಎಲ್ಲಾಗುತ್ತದೆ

ನಾನು ಮೊದಲು ಕೊಂಡ 'ವಿಕ್ಟೋರಿಯಾ ಕಾಲದ ಕಿಲ್ಟ್' ನಿಜವಾಗಿ 1960ರ ಸುಮಾರಿನ ಹೆಂಗಸರ ಸ್ಕರ್ಟ್. ಮಾರಿದವರು ಫೋಟೋದಲ್ಲಿ ಮುಂಬದಿ ಮಾತ್ರ ತೋರಿಸಿದ್ದರು. ದುಡ್ಡು ವಾಪಸ್ ಬರಲಿಲ್ಲ. ಇಂಥದ್ದು ಇನ್ನೊಬ್ಬರಿಗೆ ಆಗಬಾರದು. ಗಂಡಸರ ಕಿಲ್ಟ್‌ನಲ್ಲಿ ಮೇಲಿನ ಏಪ್ರನ್ ಬಲಗಡೆಗೆ ಬಂದು ಮುಚ್ಚುತ್ತದೆ. ಸ್ಕರ್ಟ್‌ಗಳಲ್ಲಿ ಹಲವು ಎಡಗಡೆಗೆ ಮುಚ್ಚುತ್ತವೆ. ನೆರಿಗೆಯ ಆಳವನ್ನು ಬೆರಳಿನಿಂದ ಅಳೆದು ನೋಡಿ. ಸ್ಕರ್ಟ್‌ನಲ್ಲಿ ಬಟ್ಟೆ ಉಳಿಸಲು ನೆರಿಗೆ ತೆಳುವಾಗಿರುತ್ತದೆ.

ಕೈಹೊಲಿಗೆ ಕಂಡ ಮಾತ್ರಕ್ಕೆ ಹಳೆಯದು ಅಂತ ನಂಬಬೇಡಿ. ಒಳ್ಳೆಯ ಕಿಲ್ಟನ್ನು ಇವತ್ತಿಗೂ ಕೈಯಲ್ಲೇ ಹೊಲಿಯುತ್ತಾರೆ. ಮೆಷಿನ್ ಹೊಲಿಗೆ ಇದ್ದರೆ ಮಾತ್ರ ಒಂದು ಸಂಗತಿ ಖಚಿತ: ಆ ಹೊಲಿಗೆ 1850ಕ್ಕಿಂತ ಬಹಳ ಹಿಂದಿನದಲ್ಲ. ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿ. ದಾರ ಅಥವಾ ಲೈನಿಂಗ್ ನೀಲಿಬಿಳುಪಾಗಿ ಹೊಳೆದರೆ ಈಚಿನ ದಾರ ಇರಬೇಕು, ಇಲ್ಲವೇ ಈಚಿನ ಸೋಪಿನ ಪುಡಿಯಲ್ಲಿ ಒಗೆದಿರಬೇಕು.

ಹಳೆಯ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಯುವುದು ಹಿಂದಿನಿಂದಲೂ ಇತ್ತು. ಅಪ್ಪನ ಕಿಲ್ಟನ್ನು ಮಗನ ಅಳತೆಗೆ ಚಿಕ್ಕದು ಮಾಡುತ್ತಿದ್ದರು. ಟಾರ್ಟನ್‌ನ ಟ್ವಿಲ್ ನೇಯ್ಗೆ ಎರಡೂ ಕಡೆ ಒಂದೇ ಥರ ಕಾಣುವುದರಿಂದ, ಮಾಸಿದ ಬದಿಯನ್ನು ಒಳಗೆ ಹಾಕಿ ಹೊಸದು ಮಾಡುತ್ತಿದ್ದರು. ನೆರಿಗೆಗಳ ನಡುವೆ ಕಾರಣವಿಲ್ಲದೆ ಮಾಸಿದ ಉದ್ದ ಗೆರೆ ಕಂಡರೆ ಅದು ಹಿಂದಿನ ನೆರಿಗೆಯ ಮಡಿಕೆ. ಇದನ್ನು ಮೋಸ ಅನ್ನಲಾರೆ, ಅದೂ ಆ ಬಟ್ಟೆಯ ಬದುಕು. ಆದರೆ ಮೂಲ ಕಟ್ಟಿನ ಬೆಲೆ ಕೊಡಬೇಡಿ.

ಇನ್ನು ಕುಲದ ಹೆಸರು. ಲಂಡನ್ನಿನ ಹೈಲ್ಯಾಂಡ್ ಸೊಸೈಟಿ "ನಿಮ್ಮ ಕುಲದ ಟಾರ್ಟನ್ ಕಳಿಸಿ" ಅಂತ ಕುಲಗಳ ಮುಖ್ಯಸ್ಥರನ್ನು ಕೇಳಿದ್ದು 1815ರಲ್ಲಿ. ಎಷ್ಟೋ ಜನರಿಗೆ ತಮ್ಮದು ಯಾವುದು ಅಂತಲೇ ತಿಳಿದಿರಲಿಲ್ಲ. ಬ್ಯಾನಕ್‌ಬರ್ನ್‌ನ ವಿಲಿಯಂ ವಿಲ್ಸನ್ ಅಂಡ್ ಸನ್ ನೇಕಾರರ 1819ರ ನಮೂನೆ ಪುಸ್ತಕದಲ್ಲಿ ಬರೀ ಸಂಖ್ಯೆ, ಊರಿನ ಹೆಸರು ಇದ್ದ ಟಾರ್ಟನ್‌ಗಳೂ ಇವೆ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದ. ಸ್ವಾಗತದ ಹೊಣೆ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮೇಲಿತ್ತು. ದೊರೆಯೇ ಕಿಲ್ಟ್ ತೊಟ್ಟ ಮೇಲೆ ಎಲ್ಲರಿಗೂ ತಮ್ಮದೇ ಒಂದು ಟಾರ್ಟನ್ ಬೇಕಾಯಿತು. ಹಾಗಾಗಿ 1800ರ ಕಿಲ್ಟ್‌ಗೆ ಕುಲದ ಹೆಸರು ಹೇಳಿ ಬೆಲೆ ಏರಿಸಿದರೆ, ಆ ಹೆಚ್ಚಿನ ದುಡ್ಡನ್ನು ಕೊಡಬೇಡಿ.

ಹೊಸದಾಗಿ ಹೊಲಿಸುವುದು

ಮದುವೆಗೆ, ಪದವಿ ಸಮಾರಂಭಕ್ಕೆ ಉಡಬೇಕು, ಹಳೆಯ ಕಟ್ಟೂ ಬೇಕು ಅಂದರೆ ನಾಲ್ಕು ಗಜದ ಬಾಕ್ಸ್ ಪ್ಲೀಟ್ ಕಿಲ್ಟ್ ಹೊಲಿಸಿಕೊಳ್ಳಿ. ಈಗ ಕೆಲವರು ಈ ಕಟ್ಟನ್ನು ಮತ್ತೆ ಹೊಲಿಯುತ್ತಿದ್ದಾರೆ. ಎಂಟು ಗಜದ್ದಕ್ಕಿಂತ ಹಗುರ, ಸೆಖೆಯೂ ಕಡಿಮೆ. ಬಟ್ಟೆ ಗಜಕ್ಕೆ 16 ಔನ್ಸ್ ತೂಕದ್ದು ಕೇಳಿ. ತೆಳುವಾದದ್ದರಲ್ಲಿ ಅಗಲ ನೆರಿಗೆ ನಿಲ್ಲುವುದಿಲ್ಲ. ಪ್ಯಾಂಟಿನ ಅಳತೆ ಕೊಡಬೇಡಿ. ಕಿಲ್ಟ್ ಕೂರುವುದು ಪ್ಯಾಂಟಿಗಿಂತ ಮೇಲೆ. ಟೇಪ್ ಹಿಡಿದು ಹೊಕ್ಕುಳ ಮಟ್ಟದಲ್ಲಿ ಅಳೆಯಿರಿ. ಹಳೆಯದನ್ನು ಉಡಲು ಕೊಳ್ಳುವವರೂ ಇದೇ ಅಳತೆ ಇಟ್ಟುಕೊಂಡು ಹೋಗಿ, ಬಕಲ್ ತೂತುಗಳ ಎರಡೂ ಕೊನೆಗೆ ಹೋಲಿಸಿ ನೋಡಿ.

ಹಳೆಯದು ಮನೆಗೆ ಬಂದ ದಿನ ಬೇರೆ ಉಣ್ಣೆ ಬಟ್ಟೆಗಳ ಜೊತೆ ಇಡಬೇಡಿ. ನುಸಿಯ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲ ತೆರೆಯಲು ಒಂದು ದಿನ ಕಾಯಿರಿ, ಇಲ್ಲದಿದ್ದರೆ ತೇವ ಹಿಡಿಯುತ್ತದೆ. ಆಮೇಲೆ ನೆರಿಗೆಗಳನ್ನು ಅದರದೇ ಮಡಿಕೆಯಲ್ಲಿ ಕೂರಿಸಿ, ಆಮ್ಲವಿಲ್ಲದ ತೆಳು ಕಾಗದ ಹಾಸಿ, ಚಪ್ಪಟೆಯಾಗಿ ಮಲಗಿಸಿ.